ಲ್ಯಾಪ್‌ಟಾಪ್ ಸ್ಲೋ ಆದಾಗ: ತಪ್ಪು ಪ್ರೊಸೆಸರಿನದೇನಾ?

"ಲ್ಯಾಪ್‌ಟಾಪ್ ತುಂಬಾ ಸ್ಲೋ ಆಗಿದೆ, ಪ್ರೊಸೆಸರ್ ಬದಲಾಯಿಸಿದರೆ ಸರಿ ಹೋಗುತ್ತಾ?" ಈ ಪ್ರಶ್ನೆಯನ್ನು ಜನ ನನ್ನನ್ನು ಪದೇ ಪದೇ ಕೇಳುತ್ತಾರೆ. ಉತ್ತರ ಎರಡು ಭಾಗದ್ದು. 2015ರಿಂದ ಈಚೆಗೆ ಬಂದ ಹೆಚ್ಚುಕಡಿಮೆ ಎಲ್ಲ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ, ತೆಗೆದು ಬೇರೆ ಹಾಕಲು ಬರುವುದಿಲ್ಲ. ಅದು ಬೇಸರದ ಸುದ್ದಿ. ಒಳ್ಳೆಯ ಸುದ್ದಿ ಏನೆಂದರೆ, ಹೆಚ್ಚಿನ ಸಲ ಅದನ್ನು ಬದಲಾಯಿಸುವ ಅಗತ್ಯವೇ ಇರುವುದಿಲ್ಲ. ಪ್ರೊಸೆಸರ್ ಸರಿಯಾಗಿಯೇ ಇರುತ್ತದೆ. ಅದನ್ನು ಇನ್ನೇನೋ ಒಂದು ತಡೆದು ನಿಲ್ಲಿಸಿರುತ್ತದೆ. ಆ ಇನ್ನೇನೋ ಯಾವುದು ಎಂದು ಕಂಡುಹಿಡಿಯದೆ ದುಡ್ಡು ಖರ್ಚು ಮಾಡಬೇಡಿ.

ಇಲ್ಲಿ ಹೇಳುವುದೆಲ್ಲ ವಿಂಡೋಸ್ ಲ್ಯಾಪ್‌ಟಾಪಿಗೆ. ಮೊದಲ ಅರ್ಧಕ್ಕೆ ಸ್ಕ್ರೂಡ್ರೈವರ್ ಬೇಡ.

ಮೊದಲು ಯಾವಾಗ ಸ್ಲೋ ಎಂದು ಗಮನಿಸಿ

"ಯಾವಾಗಲೂ ಸ್ಲೋ" ಎಂದು ಎಲ್ಲರೂ ಹೇಳುತ್ತಾರೆ. ಸ್ವಲ್ಪ ಗಮನಿಸಿದರೆ ಹಾಗಿರುವುದಿಲ್ಲ. ಆನ್ ಮಾಡಿದ ಮೇಲೆ ಮೊದಲ ಹತ್ತು ನಿಮಿಷ ಒದ್ದಾಡಿ ಆಮೇಲೆ ಸುಧಾರಿಸಿಕೊಳ್ಳುತ್ತದೆಯೇ? ಹಾಗಿದ್ದರೆ ಡಿಸ್ಕ್ ಮೇಲೆ ಅನುಮಾನ. ಮೊದಲು ಚೆನ್ನಾಗಿದ್ದು, ಹತ್ತು ಹದಿನೈದು ನಿಮಿಷದ ಮೇಲೆ ಫ್ಯಾನ್ ಜೋರಾಗಿ ಕೂಗುತ್ತಾ ಕುಸಿಯುತ್ತದೆಯೇ? ಅದು ಬಿಸಿ. ಚಾರ್ಜರ್ ಹಾಕಿದಾಗ ಸ್ಲೋ, ತೆಗೆದರೆ ಸರಿಯೇ? ಅದು ಚಾರ್ಜರ್ ಅಥವಾ ಅದನ್ನು ಚುಚ್ಚುವ ಜ್ಯಾಕ್. ಬ್ರೌಸರ್‌ನಲ್ಲಿ ಜಾಸ್ತಿ ಟ್ಯಾಬ್ ತೆರೆದಾಗ ಮಾತ್ರವೇ? ಅದು ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್. ಈ ನಾಲ್ಕರಲ್ಲಿ ಯಾವುದಕ್ಕೂ ಸೇರದಿದ್ದರೆ ಮಾತ್ರ ಪ್ರೊಸೆಸರ್ ಕಡೆ ನೋಡಬೇಕು.

ಟಾಸ್ಕ್ ಮ್ಯಾನೇಜರ್ ಓದುವುದು

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಭಾಗಕ್ಕೆ ಹೋಗಿ. ಸಿಪಿಯು (ಅಂದರೆ ಪ್ರೊಸೆಸರ್), ಮೆಮೊರಿ, ಡಿಸ್ಕ್ ಒಂದರ ಕೆಳಗೆ ಒಂದು ಕಾಣುತ್ತವೆ. ಲ್ಯಾಪ್‌ಟಾಪ್ ಒದ್ದಾಡುತ್ತಿರುವ ಹೊತ್ತಿನಲ್ಲೇ ಇದನ್ನು ನೋಡಬೇಕು. ಸುಮ್ನೆ ಖಾಲಿ ಕೂತಿರುವಾಗ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಡಿಸ್ಕ್ ಶೇ 100 ಎಂದು ತೋರಿಸುತ್ತಾ, ಸಿಪಿಯು ಶೇ 10-15ರಲ್ಲೇ ಇದ್ದರೆ ಅಲ್ಲಿಗೆ ಹುಡುಕಾಟ ಹೆಚ್ಚುಕಡಿಮೆ ಮುಗಿಯಿತು. ಒಳಗೆ ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಇರುವ ಸಾಧ್ಯತೆಯೇ ಹೆಚ್ಚು. ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕ್ ಇರುತ್ತಿತ್ತು. ವಿಂಡೋಸ್ 10 ಮತ್ತು 11 ಒಂದೇ ಸಮನೆ ಸಣ್ಣ ಸಣ್ಣ ಫೈಲುಗಳನ್ನು ಅಲ್ಲಿ ಇಲ್ಲಿ ಓದುತ್ತಿರುತ್ತವೆ, ಆ ಡಿಸ್ಕಿಗೆ ಅದು ತಡೆಯುವುದಿಲ್ಲ. ಅದರ ಜಾಗಕ್ಕೆ, ತಿರುಗುವ ಭಾಗವೇ ಇಲ್ಲದ, ಅದೇ ಕನೆಕ್ಟರಿಗೆ ಹೊಂದುವ ಸಾಟಾ ಎಸ್‌ಎಸ್‌ಡಿ ಹಾಕಿಸಿ. ಅದೇ ಪ್ರೊಸೆಸರ್ ಬೇರೆಯದೇ ಯಂತ್ರ ಅನಿಸುವಷ್ಟು ವ್ಯತ್ಯಾಸ ಕಾಣುತ್ತದೆ. ಹಳೇ ಲ್ಯಾಪ್‌ಟಾಪಿಗೆ ಮಾಡುವ ಖರ್ಚಿನಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ.

ಮೆಮೊರಿ ಶೇ 90 ದಾಟಿದ್ದರೆ ರ‍್ಯಾಮ್ ಸಾಲದು. 4 ಜಿಬಿ ಈಗ ಸಾಕಾಗುವುದಿಲ್ಲ, 8 ಜಿಬಿ ಕನಿಷ್ಠ. ಅದೇ ಪುಟದಲ್ಲಿ ಸ್ಲಾಟ್ಸ್ ಯೂಸ್ಡ್ ಎಂದು ಇರುತ್ತದೆ. ಎರಡರಲ್ಲಿ ಒಂದು ಬಳಕೆಯಲ್ಲಿದೆ ಎಂದು ತೋರಿಸಿದರೆ ಒಂದು ಸ್ಲಾಟ್ ಖಾಲಿ ಇರುವ ಸಾಧ್ಯತೆ ಇದೆ. ತೆಳು ಮಾಡೆಲ್‌ಗಳಲ್ಲಿ ರ‍್ಯಾಮ್ ಕೂಡ ಬೆಸುಗೆಯಾಗಿರಬಹುದು, ಆದ್ದರಿಂದ ಕೊಳ್ಳುವ ಮೊದಲು ಹಿಂಬದಿ ತೆಗೆದು ನೋಡಿಸಿ.

ಸಿಪಿಯು ಶೇ 100 ಇದ್ದರೆ ಪ್ರೊಸೆಸಸ್ ಭಾಗಕ್ಕೆ ಹೋಗಿ, ಸಿಪಿಯು ಎಂಬ ತಲೆಬರಹದ ಮೇಲೆ ಕ್ಲಿಕ್ ಮಾಡಿ. ಜಾಸ್ತಿ ತಿನ್ನುತ್ತಿರುವುದು ಮೇಲೆ ಬರುತ್ತದೆ. ಎರಡೆರಡು ಆಂಟಿವೈರಸ್ ಇರುವುದು, ವಿಂಡೋಸ್ ಅಪ್‌ಡೇಟ್ ಹಿಂದೆ ನಡೆಯುತ್ತಿರುವುದು, ಯಾವುದೋ ಜಾಲತಾಣದ ಟ್ಯಾಬ್ ಸಿಕ್ಕಿಹಾಕಿಕೊಂಡಿರುವುದು ಮಾಮೂಲಿ ಕಾರಣಗಳು. ಅಪ್‌ಡೇಟ್ ಆಗಿದ್ದರೆ ಮುಗಿಯುವವರೆಗೆ ಬಿಡಿ, ಮಧ್ಯೆ ಆಫ್ ಮಾಡಬೇಡಿ.

ಇನ್ನೊಂದು ಸೂಕ್ಷ್ಮ. ಎಂಟು ಲಾಜಿಕಲ್ ಪ್ರೊಸೆಸರ್ (ವಿಂಡೋಸ್ ಕೆಲಸ ಹಂಚುವ ಪಾಲುಗಳು, ಥ್ರೆಡ್ ಎಂದೂ ಹೇಳುತ್ತಾರೆ) ಇರುವ ಯಂತ್ರದಲ್ಲಿ ಸಿಪಿಯು ಶೇ 12-13ರಲ್ಲಿ ಗಟ್ಟಿಯಾಗಿ ನಿಂತಿದ್ದರೆ ಅದನ್ನು "ಖಾಲಿ ಇದೆ" ಎಂದುಕೊಳ್ಳಬೇಡಿ. ನೂರನ್ನು ಎಂಟರಿಂದ ಭಾಗಿಸಿದರೆ ಹನ್ನೆರಡೂವರೆ. ಒಂದೇ ಕೋರ್ (ಪ್ರೊಸೆಸರಿನೊಳಗೆ ಕೆಲಸ ಮಾಡುವ ಘಟಕ) ಪೂರ್ತಿ ದುಡಿಯುತ್ತಿದೆ, ಉಳಿದವು ಕೂತಿವೆ ಎಂದರ್ಥ. ಕೆಲವು ಹಳೆಯ ಸಾಫ್ಟ್‌ವೇರ್‌ಗಳಿಗೆ ಒಂದೇ ಕೋರ್ ಬಳಸಲು ಗೊತ್ತು. ಅಂಥದಕ್ಕೆ ಕೋರ್‌ಗಳ ಸಂಖ್ಯೆ ಎಷ್ಟು ಹೆಚ್ಚಿಸಿದರೂ ಪ್ರಯೋಜನವಿಲ್ಲ.

ಸ್ಪೀಡ್ ಎಂಬ ಅಂಕಿ

ಸಿಪಿಯು ಪುಟದಲ್ಲಿ ಜನ ನೋಡದೆ ಬಿಡುವ ಅಂಕಿ ಇದು. ಅಲ್ಲಿ ಸ್ಪೀಡ್ (ಈ ಕ್ಷಣದ ವೇಗ) ಎಂದು ಒಂದು, ಬೇಸ್ ಸ್ಪೀಡ್ (ಮಾಮೂಲಿ ವೇಗ) ಎಂದು ಇನ್ನೊಂದು ಇರುತ್ತದೆ. ಕೆಲಸ ಇರುವಾಗ ಸ್ಪೀಡ್ ಬೇಸ್ ಸ್ಪೀಡಿಗಿಂತ ಮೇಲಿರಬೇಕು. ಕೆಳಗಿದ್ದರೆ ಯಾರೋ ಪ್ರೊಸೆಸರನ್ನು ಹಿಡಿದಿದ್ದಾರೆ.

ನಾನು ನೋಡಿದ ಒಂದನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದೇ ತೊಂದರೆ ಹೊಸ ಲ್ಯಾಪ್‌ಟಾಪ್ ಕೊಳ್ಳುವವರೆಗೂ ಜನರನ್ನು ತಳ್ಳುತ್ತದೆ. ಬಿ.ಕಾಂ. ಓದುವ ಹುಡುಗಿಯ ಲ್ಯಾಪ್‌ಟಾಪ್. ಒಳಗಿದ್ದದ್ದು ಇಂಟೆಲ್ ಕಂಪನಿಯ ಕೋರ್ ಐ5-8250ಯು ಪ್ರೊಸೆಸರ್, ನಾಲ್ಕು ಕೋರ್, ಎಂಟು ಥ್ರೆಡ್. ಎಸ್‌ಎಸ್‌ಡಿ ಇತ್ತು, 8 ಜಿಬಿ ರ‍್ಯಾಮ್ ಇತ್ತು. ಆದರೂ ಎಕ್ಸೆಲ್‌ನಲ್ಲಿ ಒಂದು ಅಕ್ಷರ ಒತ್ತಿದರೆ ಸ್ವಲ್ಪ ಹೊತ್ತಿನ ಮೇಲೆ ಕಾಣಿಸುತ್ತಿತ್ತು. ಪ್ರೊಸೆಸರ್ ಹೋಗಿದೆ, ಹೊಸದು ತಗೊಳ್ಳಿ ಎಂದು ಯಾರೋ ಹೇಳಿದ್ದರಂತೆ. ಟಾಸ್ಕ್ ಮ್ಯಾನೇಜರ್ ತೆರೆದರೆ ಡಿಸ್ಕ್ ಖಾಲಿ, ಮೆಮೊರಿ ಅರ್ಧ, ಸಿಪಿಯು ಶೇ 24. ಮೇಲ್ನೋಟಕ್ಕೆ ಏನೂ ಕೆಲಸವೇ ನಡೆಯುತ್ತಿಲ್ಲ. ಕೆಳಗಿನ ಸಾಲು ನೋಡಿದಾಗ ಗೊತ್ತಾಯಿತು. ಬೇಸ್ ಸ್ಪೀಡ್ 1.80 ಎಂದು ತೋರಿಸುತ್ತಿತ್ತು, ಸ್ಪೀಡ್ 0.39 ಗಿಗಾಹರ್ಟ್ಸ್. ಏನು ತೆರೆದರೂ, ಮುಚ್ಚಿದರೂ ಅದು 0.39ರಿಂದ ಕದಲಲಿಲ್ಲ.

ಹಾಗಾದರೆ ಶೇ 24 ಏಕೆ? ವಿಂಡೋಸ್ 10ರ ಟಾಸ್ಕ್ ಮ್ಯಾನೇಜರ್ ಬಳಕೆಯನ್ನು ಬೇಸ್ ಸ್ಪೀಡಿಗೆ ಹೋಲಿಸಿ ಲೆಕ್ಕ ಹಾಕುತ್ತದೆ. ಪ್ರೊಸೆಸರ್ ತನ್ನ ಮಾಮೂಲಿ ವೇಗದ ಕಾಲು ಭಾಗಕ್ಕಿಂತ ಕೆಳಗೆ ಓಡುತ್ತಿರುವಾಗ, ಅದು ಪೂರ್ತಿ ದುಡಿಯುತ್ತಿದ್ದರೂ ತೆರೆಯ ಮೇಲೆ ಕಾಲು ಭಾಗದ ಆಸುಪಾಸೇ ಕಾಣುತ್ತದೆ. ಆ ಶೇ 24 ನಿಜಕ್ಕೂ ಅದರ ನೂರಾಗಿತ್ತು. ಈ ಅಂಕಿ ನೋಡಿ ಎಷ್ಟೋ ಜನ ದಾರಿ ತಪ್ಪುತ್ತಾರೆ.

ಚಾರ್ಜರ್ ಕಿತ್ತೆವು. ಕೆಲವೇ ಕ್ಷಣದಲ್ಲಿ ಸ್ಪೀಡ್ 3 ಗಿಗಾಹರ್ಟ್ಸ್ ದಾಟಿತು, ಎಕ್ಸೆಲ್ ಸರಿಯಾಯಿತು. ಮತ್ತೆ ಹಾಕಿದರೆ ಮತ್ತೆ 0.39. ಚಾರ್ಜರ್ ಪಿನ್ನಿನ ನಡುವೆ ಒಂದು ತೆಳುವಾದ ಮುಳ್ಳು ಇರುತ್ತದಲ್ವಾ, ಅದು ಬಾಗಿಹೋಗಿತ್ತು. ಕೆಲವು ಕಂಪನಿಗಳ ಲ್ಯಾಪ್‌ಟಾಪ್‌ಗಳಲ್ಲಿ ಚಾರ್ಜರ್ ತಾನು ಎಷ್ಟು ವ್ಯಾಟಿನದು ಎಂದು ಆ ಮುಳ್ಳಿನ ಮೂಲಕ ಹೇಳುತ್ತದೆ. ಆ ಮಾತು ತಲುಪದಿದ್ದರೆ ಲ್ಯಾಪ್‌ಟಾಪ್ ಇದನ್ನು ನಂಬುವುದಿಲ್ಲ. ಬ್ಯಾಟರಿಗೆ ಚಾರ್ಜ್ ಮಾಡುವುದನ್ನು ನಿಲ್ಲಿಸುತ್ತದೆ, ಪ್ರೊಸೆಸರಿಗೂ ನಿಧಾನವಾಗಿ ಓಡು ಎಂದು ಸೂಚನೆ ಕಳಿಸುತ್ತದೆ. ಆನ್ ಮಾಡುವಾಗ ಅಡಾಪ್ಟರ್ ಯಾವುದೆಂದು ಗೊತ್ತಾಗುತ್ತಿಲ್ಲ ಎಂಬ ಸಂದೇಶವೂ ಬರುತ್ತಿತ್ತಂತೆ, ಆಕೆ ಎಂಟರ್ ಒತ್ತಿ ಮುಂದೆ ಹೋಗುತ್ತಿದ್ದಳು. ಸರಿಯಾದ ವ್ಯಾಟಿನ ಚಾರ್ಜರ್ ತಂದ ಮೇಲೆ ತೊಂದರೆ ಮುಗಿಯಿತು.

ಬೇರೆ ಚಾರ್ಜರ್ ಹಾಕಿದರೂ ಹೀಗೇ ಆದರೆ ಲ್ಯಾಪ್‌ಟಾಪಿನ ಚಾರ್ಜಿಂಗ್ ಜ್ಯಾಕ್ ನೋಡಿಸಿ. ಬ್ಯಾಟರಿ ಪೂರ್ತಿ ಸತ್ತಿದ್ದರೂ ಕೆಲವು ಲ್ಯಾಪ್‌ಟಾಪ್‌ಗಳು ವೇಗ ಇಳಿಸುತ್ತವೆ, ಏಕೆಂದರೆ ಜಾಸ್ತಿ ಕರೆಂಟ್ ಬೇಕಾದ ಕ್ಷಣದಲ್ಲಿ ಚಾರ್ಜರಿಗೆ ಆಸರೆಯಾಗಲು ಬ್ಯಾಟರಿ ಇರುವುದಿಲ್ಲ. ಥ್ರಾಟಲ್‌ಸ್ಟಾಪ್ ಎಂಬ ಸಾಫ್ಟ್‌ವೇರಿನಲ್ಲಿ ಬಿಡಿ ಪ್ರೊಚಾಟ್ (BD PROCHOT, ವೇಗ ಇಳಿಸು ಎಂದು ಬೋರ್ಡಿನಿಂದ ಪ್ರೊಸೆಸರಿಗೆ ಬರುವ ಸೂಚನೆ) ಎಂಬ ಟಿಕ್ ತೆಗೆದರೆ ಈ ತಡೆ ಹೋಗುತ್ತದೆ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಕಾರಣ ಇದೇನಾ ಎಂದು ಖಚಿತ ಮಾಡಿಕೊಳ್ಳಲು ಅದು ಒಳ್ಳೆಯದು. ಅದನ್ನೇ ರಿಪೇರಿ ಎಂದುಕೊಂಡು ಹಾಗೇ ಬಿಡಬೇಡಿ. ಬೋರ್ಡಿನ ಬೇರೆ ಭಾಗಗಳನ್ನು ಕಾಯುವ ಸೂಚನೆಯೂ ಅದೇ ದಾರಿಯಲ್ಲಿ ಬರುತ್ತದೆ.

ಇಷ್ಟು ನೋಡುವ ಮೊದಲು ಸೆಟ್ಟಿಂಗ್ಸ್‌ನಲ್ಲಿ ಪವರ್ ಮೋಡ್ ಒಮ್ಮೆ ನೋಡಿಬಿಡಿ. ಬ್ಯಾಟರಿ ಉಳಿಸುವ ಮೋಡ್‌ನಲ್ಲೇ ಸಿಕ್ಕಿಕೊಂಡಿರುವುದೂ ಉಂಟು.

ಬಿಸಿ ಮತ್ತು ವ್ಯಾಟ್, ಎರಡೂ ಬೇರೆ

ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಸೆನ್ಸರ್ಸ್ ತೆರೆಯಿರಿ. ಜೊತೆಗೆ ಪ್ರೊಸೆಸರನ್ನು ಪೂರ್ತಿ ದುಡಿಸಿ ಪರೀಕ್ಷಿಸುವ ಸಿನೆಬೆಂಚ್ ಓಡಿಸಿ, ಹತ್ತು ನಿಮಿಷ ಬಿಡಿ. ಸ್ಪೀಡ್ ಮತ್ತು ಉಷ್ಣತೆ ಎರಡನ್ನೂ ಒಟ್ಟಿಗೆ ಗಮನಿಸಬೇಕು.

ಐ5-8250ಯು ನಿಗದಿತ ಶಕ್ತಿ 15 ವ್ಯಾಟ್. ಶುರುವಿನಲ್ಲಿ ಅದು ಅದಕ್ಕಿಂತ ಜಾಸ್ತಿ ಎಳೆದುಕೊಂಡು 3.4 ಗಿಗಾಹರ್ಟ್ಸ್‌ವರೆಗೂ ಓಡಬಲ್ಲದು. ಅರ್ಧ ನಿಮಿಷದ ಆಸುಪಾಸಿನಲ್ಲಿ ಅದು 15 ವ್ಯಾಟಿನ ಮಿತಿಗೆ ಇಳಿಯುತ್ತದೆ, ಸ್ಪೀಡ್ ಎರಡು ಎರಡೂವರೆ ಗಿಗಾಹರ್ಟ್ಸ್‌ಗೆ ಬರುತ್ತದೆ. ಇದು ದೋಷವಲ್ಲ. ಅದನ್ನು ಮಾಡಿರುವುದೇ ಹಾಗೆ. ಉಷ್ಣತೆ 70-80 ಡಿಗ್ರಿಯಲ್ಲಿದ್ದು ಸ್ಪೀಡ್ ಬೇಸ್‌ಗಿಂತ ಮೇಲಿದ್ದರೆ ನೆಮ್ಮದಿಯಾಗಿರಿ.

ದೋಷ ಹೀಗಿರುತ್ತದೆ: ಉಷ್ಣತೆ 95 ದಾಟಿ 100ರ ಹತ್ತಿರ ಹೋಗುತ್ತದೆ, ಥರ್ಮಲ್ ಥ್ರಾಟ್ಲಿಂಗ್ ಎಂಬ ಸಾಲಿನಲ್ಲಿ ಯೆಸ್ ಎಂದು ಬರುತ್ತದೆ, ಸ್ಪೀಡ್ ಏರಿಳಿಯುತ್ತಾ ಬೇಸ್‌ಗಿಂತ ಕೆಳಗೆ ಬೀಳುತ್ತದೆ. ಹೆಚ್ಚಿನ ಇಂಟೆಲ್ ಲ್ಯಾಪ್‌ಟಾಪ್ ಚಿಪ್‌ಗಳ ಮಿತಿ 100 ಡಿಗ್ರಿ. ಅಲ್ಲಿಗೆ ತಲುಪಿದಾಗ ತನ್ನನ್ನು ಉಳಿಸಿಕೊಳ್ಳಲು ಅದೇ ವೇಗ ಇಳಿಸಿಕೊಳ್ಳುತ್ತದೆ.

ಮೊದಲು ಹಾಸಿಗೆ, ದಿಂಬಿನ ಮೇಲಿಂದ ಎತ್ತಿ ಮೇಜಿನ ಮೇಲಿಡಿ. ಗಾಳಿ ಎಳೆದುಕೊಳ್ಳುವ ಕಿಂಡಿ ಬಹಳಷ್ಟು ಮಾಡೆಲ್‌ಗಳಲ್ಲಿ ಅಡಿಯಲ್ಲೇ ಇರುತ್ತದೆ. ರಾಯಚೂರು, ಕಲಬುರಗಿ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ಫ್ಯಾನಿಗೆ ಸಿಗುವ ಗಾಳಿಯೇ ಬಿಸಿ. ಅದೇ ಲ್ಯಾಪ್‌ಟಾಪ್ ಮಡಿಕೇರಿಯಲ್ಲಿ ಚೆನ್ನಾಗಿ ಓಡಬಹುದು. ಪರೀಕ್ಷೆಯನ್ನು ಬೆಳಗಿನ ತಂಪಿನಲ್ಲಿ ಒಮ್ಮೆ, ಮಧ್ಯಾಹ್ನ ಒಮ್ಮೆ ಮಾಡಿ ನೋಡಿ.

ಹಿಂಬದಿ ತೆಗೆಯುವ ಧೈರ್ಯವಿದ್ದರೆ ಆಫ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿಯ ಕನೆಕ್ಟರ್ ಮೊದಲು ಬಿಡಿಸಿ. ಬ್ಯಾಟರಿ ಉಬ್ಬಿದ್ದರೆ ಅಲ್ಲಿಗೇ ನಿಲ್ಲಿಸಿ, ಚುಚ್ಚಬೇಡಿ, ಒತ್ತಬೇಡಿ, ಅಂಗಡಿಗೆ ಒಯ್ಯಿರಿ. ಧೂಳು ಫ್ಯಾನ್ ಮೇಲೆ ಕಾಣುವುದಕ್ಕಿಂತ ಜಾಸ್ತಿ ಫ್ಯಾನ್ ಮತ್ತು ತಾಮ್ರದ ರೆಕ್ಕೆಗಳ ನಡುವೆ ಕೂತಿರುತ್ತದೆ. ಹೊರಗಿಂದ ಊದಿದರೆ ಅದು ಹೋಗುವುದಿಲ್ಲ. ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು ಬ್ರಷ್‌ನಿಂದ ತೆಗೆಯಿರಿ. ನಾಲ್ಕೈದು ವರ್ಷ ಆಗಿದ್ದರೆ ಚಿಪ್ಪಿನ ಬಿಸಿಯನ್ನು ಹೀಟ್‌ಸಿಂಕಿಗೆ (ಬಿಸಿ ಹೊರಹಾಕುವ ಲೋಹದ ಭಾಗ) ದಾಟಿಸುವ ಥರ್ಮಲ್ ಪೇಸ್ಟ್ ಒಣಗಿರಬಹುದು. ಹೀಟ್‌ಸಿಂಕ್ ಸ್ಕ್ರೂಗಳ ಪಕ್ಕದಲ್ಲಿ 1, 2, 3, 4 ಎಂದು ಅಚ್ಚಾಗಿದ್ದರೆ, ಬಿಚ್ಚುವಾಗ 4ರಿಂದ 1ರ ಕಡೆಗೆ, ಬಿಗಿಮಾಡುವಾಗ 1ರಿಂದ 4ರ ಕಡೆಗೆ. ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಹೊಸದನ್ನು ತೆಳುವಾಗಿ ಹಚ್ಚಿ. ಲ್ಯಾಪ್‌ಟಾಪ್ ಚಿಪ್ ಮೇಲೆ ಲೋಹದ ಮುಚ್ಚಳ ಇರುವುದಿಲ್ಲ, ಅಂಚು ಬೇಗ ಚೂರಾಗುತ್ತದೆ. ಆದ್ದರಿಂದ ಹೀಟ್‌ಸಿಂಕನ್ನು ಓರೆಯಾಗಿ ಕೂರಿಸಬೇಡಿ.

ಹೆಸರಿನಲ್ಲೇ ಅರ್ಧ ಉತ್ತರ ಇದೆ

ಇಷ್ಟೆಲ್ಲ ನೋಡಿದ ಮೇಲೂ ಸಿಪಿಯು ಶೇ 100, ಸ್ಪೀಡ್ ಸರಿಯಾಗಿದೆ, ಬಿಸಿ ಇಲ್ಲ, ಹಿಂದೆ ಏನೂ ಓಡುತ್ತಿಲ್ಲ ಎಂದರೆ ಪ್ರೊಸೆಸರ್ ನಿಜಕ್ಕೂ ನಿಮ್ಮ ಕೆಲಸಕ್ಕೆ ಸಾಲದು. ಸೆಲೆರಾನ್ ಎನ್4020 ಇರುವ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಹೀಗಾಗುತ್ತದೆ. ಎರಡು ಕೋರ್, ಎರಡೇ ಥ್ರೆಡ್. ಒಂದು ವಿಡಿಯೊ ಕಾಲ್ ಜೊತೆಗೆ ನಾಲ್ಕು ಟ್ಯಾಬ್ ಇಟ್ಟರೆ ಅದರ ಶಕ್ತಿ ಮುಗಿಯಿತು.

ಐ7 ಎಂದರೆ ಐ5ಗಿಂತ ಮೇಲು ಎಂದು ಕಣ್ಣುಮುಚ್ಚಿ ನಂಬಬೇಡಿ. ಐ7-7500ಯು ಏಳನೇ ತಲೆಮಾರಿನದು, ಎರಡೇ ಕೋರ್. ಐ5-8250ಯು ಎಂಟನೇ ತಲೆಮಾರು, ನಾಲ್ಕು ಕೋರ್. ಅಡ್ಡಗೆರೆಯ ನಂತರದ ಮೊದಲ ಅಂಕಿಯೇ ತಲೆಮಾರು, ಹತ್ತನೆಯದರಿಂದ ಮುಂದೆ ಮೊದಲ ಎರಡು ಅಂಕಿ: ಐ5-1135ಜಿ7 ಹನ್ನೊಂದನೆಯದು. ಕೊನೆಯ ಯು ಎಂದರೆ ಕಡಿಮೆ ವ್ಯಾಟ್, ಸಾಮಾನ್ಯವಾಗಿ 15. ಎಚ್ ಎಂದರೆ 45ರ ಆಸುಪಾಸು. 2023ರ ಡಿಸೆಂಬರಿನಿಂದ ಇಂಟೆಲ್ ಹೊಸ ಲ್ಯಾಪ್‌ಟಾಪ್ ಚಿಪ್‌ಗಳಿಗೆ ಕೋರ್ ಅಲ್ಟ್ರಾ ಎಂಬ ಹೆಸರು ತಂದಿತು.

ಪ್ರೊಸೆಸರ್ ಮಾಡುವ ಇನ್ನೊಂದು ಕಂಪನಿ ಎಎಂಡಿಯಲ್ಲಿ ಇನ್ನೂ ಹುಷಾರಾಗಿರಬೇಕು. ರೈಜೆನ್ 5 7520ಯು ನೋಡಲು ಹೊಸದು. 7ರಿಂದ ಶುರುವಾಗುವ ಈ ಸರಣಿಯಲ್ಲಿ ಮೂರನೇ ಅಂಕಿ 2 ಎಂದರೆ ಒಳಗಿರುವುದು ಹಳೆಯ ಜೆನ್ 2 ವಿನ್ಯಾಸ, ಕೋರ್ ನಾಲ್ಕು. ಅದಕ್ಕಿಂತ ಚಿಕ್ಕ ಸಂಖ್ಯೆಯ ರೈಜೆನ್ 5 5625ಯು ಜೆನ್ 3, ಕೋರ್ ಆರು. ಅಂಗಡಿಯಲ್ಲಿ ದೊಡ್ಡ ಸಂಖ್ಯೆ ತೋರಿಸಿ ಒಪ್ಪಿಸಿದರೆ ಕೋರ್ ಎಷ್ಟು ಎಂದು ಕೇಳಿ.

ಬದಲಾಯಿಸಬಹುದಾದವು ಯಾವುವು

ಸಿಪಿಯು-ಜೆಡ್ ಎಂಬ ಸಣ್ಣ ಸಾಫ್ಟ್‌ವೇರ್ ತೆರೆದು ಪ್ಯಾಕೇಜ್ ಎಂಬ ಸಾಲು ನೋಡಿ. ಬಿಜಿಎ ಎಂದಿದ್ದರೆ ಬೆಸುಗೆ. ಪಿಜಿಎ ಎಂದಿದ್ದರೆ ಸಾಕೆಟ್, ತೆಗೆಯಬಹುದು.

ಇಂಟೆಲ್‌ನ ಎರಡು ಮತ್ತು ಮೂರನೇ ತಲೆಮಾರಿನ, ಹೆಸರು ಎಂ ಅಥವಾ ಕ್ಯುಎಂನಲ್ಲಿ ಮುಗಿಯುವ ಹೆಚ್ಚಿನ ಚಿಪ್‌ಗಳು ಜಿ2 ಸಾಕೆಟ್ಟಿನವು. ನಾಲ್ಕನೇ ತಲೆಮಾರಿನ ಎಂ ಮತ್ತು ಎಂಕ್ಯು ಜಿ3 ಸಾಕೆಟ್. ಅದೇ ನಾಲ್ಕನೆಯದರಲ್ಲಿ ಯು, ಎಚ್‌ಕ್ಯು ಎಂದಿದ್ದರೆ ಬೆಸುಗೆ. ಐದನೆಯದರಿಂದ ಲ್ಯಾಪ್‌ಟಾಪ್ ಚಿಪ್‌ಗಳೆಲ್ಲ ಬೆಸುಗೆಯವೇ. ಡೆಸ್ಕ್‌ಟಾಪ್ ಚಿಪ್ ಹಾಕಿದ ದಪ್ಪ ಗೇಮಿಂಗ್ ಲ್ಯಾಪ್‌ಟಾಪ್‌ಗಳು ಇದಕ್ಕೆ ಅಪವಾದ, ಆದರೆ ಅಪರೂಪ.

ಉದಾಹರಣೆಗೆ ಐ3-3110ಎಂ ಇದೆ ಎಂದುಕೊಳ್ಳಿ. ಎರಡು ಕೋರ್, 2.4 ಗಿಗಾಹರ್ಟ್ಸ್, ಟರ್ಬೊ (ಬೇಸ್ ಸ್ಪೀಡ್ ಮೀರಿ ಓಡುವ ಸೌಲಭ್ಯ) ಇಲ್ಲ, 35 ವ್ಯಾಟ್. ಅದೇ ಸಾಕೆಟ್ಟಿಗೆ ಕೂರುವ ಐ7-3632ಕ್ಯುಎಂ ನಾಲ್ಕು ಕೋರಿನದು, ಅದೂ 35 ವ್ಯಾಟ್. ಐ7-3630ಕ್ಯುಎಂ ಇನ್ನೂ ವೇಗ, ಆದರೆ 45 ವ್ಯಾಟ್. 35ಕ್ಕೆ ಮಾಡಿದ ಹೀಟ್‌ಸಿಂಕಿಗೆ ಅದು ಭಾರ, ಕೊನೆಗೆ ಬಿಸಿಯಾಗಿ ಮತ್ತೆ ಅದೇ ನಿಧಾನ. ಸಾಕೆಟ್ ಹೊಂದಿದರೆ ಸಾಲದು, ಬಯಾಸ್ (ಆನ್ ಮಾಡಿದ ಕೂಡಲೇ ಓಡುವ ಬೋರ್ಡಿನ ಸಾಫ್ಟ್‌ವೇರ್) ಕೂಡ ಆ ಚಿಪ್ಪನ್ನು ಗುರುತಿಸಬೇಕು. ಅದೇ ಮಾಡೆಲ್ ಆ ಕಾಲದಲ್ಲಿ ಯಾವ ಯಾವ ಪ್ರೊಸೆಸರ್ ಜೊತೆ ಮಾರಾಟವಾಗಿತ್ತು ಎಂದು ಕಂಪನಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ನೋಡಿ, ಅವುಗಳಲ್ಲೇ ಒಂದನ್ನು ಆರಿಸಿ. ಹೊಸ ಬಯಾಸ್ ಇದ್ದರೆ ಹಳೇ ಚಿಪ್ ಇರುವಾಗಲೇ ಹಾಕಿ. ಕೂರಿಸುವಾಗ ಮೂಲೆಯ ತ್ರಿಕೋನ ಗುರುತು ಹೊಂದಿಸಿ ಸುಮ್ನೆ ಇಡಿ. ತಾನಾಗಿ ಕೂರುತ್ತದೆ, ಒತ್ತಿದರೆ ಪಿನ್ ಬಾಗುತ್ತದೆ. ಆಮೇಲೆ ಸಾಕೆಟ್ಟಿನ ಸ್ಕ್ರೂವನ್ನು ಲಾಕ್ ಗುರುತಿಗೆ ತಿರುಗಿಸಿ.

ಆದರೆ ವಿಂಡೋಸ್ 11 ಬೇಕು ಎಂಬ ಕಾರಣಕ್ಕೆ ಇದನ್ನು ಮಾಡಬೇಡಿ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರು ಮತ್ತು ಟಿಪಿಎಂ 2.0 (ಭದ್ರತೆಯ ಚಿಪ್) ಬೇಕು. ಸಾಕೆಟ್ ಇರುವ ಲ್ಯಾಪ್‌ಟಾಪಿನಲ್ಲಿ ಏರಬಹುದಾದ್ದು ಹೆಚ್ಚೆಂದರೆ ನಾಲ್ಕನೆಯದು. ಅಂಥ ಯಂತ್ರಕ್ಕೆ ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್, ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿ. ಓದು, ಬರಹ, ಬ್ರೌಸಿಂಗಿಗೆ ಇನ್ನೂ ಕೆಲವು ವರ್ಷ ಬರುತ್ತದೆ.

ಬೆಸುಗೆಯ ಚಿಪ್ಪನ್ನು ಬಿಸಿಗಾಳಿಯಲ್ಲಿ ಎಬ್ಬಿಸಿ ಬೇರೆ ಕೂರಿಸುತ್ತೇವೆ ಎನ್ನುವವರೂ ಇದ್ದಾರೆ. ಸಾವಿರಕ್ಕೂ ಹೆಚ್ಚು ಬೆಸುಗೆ ಬಿಂದುಗಳು, ಒಂದು ಕೂರದಿದ್ದರೂ ಬೋರ್ಡ್ ಸತ್ತಂತೆ. ನಾನು ಯಾರಿಗೂ ಹೇಳುವುದಿಲ್ಲ. ಅದೇ ಮಾಡೆಲಿನ ಮೇಲ್ದರ್ಜೆಯ ಬೋರ್ಡ್ ಸಿಕ್ಕರೆ ಇಡೀ ಬೋರ್ಡ್ ಬದಲಾಯಿಸುವುದು ಸರಿಯಾದ ದಾರಿ. ಅದಕ್ಕೆ ಮೊದಲು ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬಿಟ್‌ಲಾಕರ್ ಎಂದರೆ ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ, ಅದು ಆನ್ ಇದ್ದರೆ ಬೋರ್ಡ್ ಬದಲಾದ ಕೂಡಲೇ ವಿಂಡೋಸ್ ಈ ಕೀ ಕೇಳುತ್ತದೆ. ಇಲ್ಲದಿದ್ದರೆ ನಿಮ್ಮ ಫೋಟೊ, ಕಡತ ಯಾವುದೂ ಸಿಗುವುದಿಲ್ಲ. ವಿಂಡೋಸ್ ಲೈಸೆನ್ಸ್ ಕೂಡ ಹಳೇ ಬೋರ್ಡಿಗೆ ಅಂಟಿಕೊಂಡಿರುತ್ತದೆ.

ಬೋರ್ಡಿನ ಬೆಲೆ ಕೇಳಿದ ಮೇಲೆ ಬಹಳ ಜನ ಬಳಸಿದ ಲ್ಯಾಪ್‌ಟಾಪ್ ಕೊಳ್ಳುವುದೇ ವಾಸಿ ಎಂದು ಬೆಂಗಳೂರಿನ ಎಸ್.ಪಿ. ರೋಡ್ ಕಡೆ ಹೋಗುತ್ತಾರೆ. ಒಳ್ಳೆಯ ಯೋಚನೆಯೇ. ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಟಾಸ್ಕ್ ಮ್ಯಾನೇಜರ್ ತೆರೆದು ಪ್ರೊಸೆಸರಿನ ಪೂರ್ತಿ ಹೆಸರು ಓದಿ, ಎಂಟನೇ ತಲೆಮಾರಿಗಿಂತ ಹಳೆಯದಾದರೆ ಬಿಡಿ. ಅವರು ಕೊಡುವ ಚಾರ್ಜರನ್ನೇ ಹಾಕಿಸಿ, ಹತ್ತು ನಿಮಿಷ ಎಚ್‌ಡಿ ವಿಡಿಯೊ ಮತ್ತು ಐದಾರು ಟ್ಯಾಬ್ ಓಡಿಸಿ, ಸ್ಪೀಡ್ ಎಷ್ಟಿದೆ ನೋಡಿ. ಚಾರ್ಜರ್ ಕಿತ್ತು ಇನ್ನೊಮ್ಮೆ ನೋಡಿ. ಎರಡೂ ಸಲ ಬೇಸ್ ಸ್ಪೀಡಿಗಿಂತ ಮೇಲಿದ್ದರೆ ತಗೊಳ್ಳಿ.